ಕ್ಯಾನಿನ ಬಾಯಿ ಬಿಗಿದವನು ನಾನು

ಹಾಲೇಶಣ್ಣ, ಆ ಕ್ಯಾನಿನ ಬಾಯಿ ಬಿಗಿದವನು ನಾನು. ನಿಮ್ಮ ಬಲಗಣ್ಣು ಹೋದದ್ದು ನನ್ನಿಂದ. ನಿಮ್ಮ ಕೆಲಸ ಹೋದದ್ದೂ ನನ್ನಿಂದಲೇ — ನನ್ನ ಒಂದು ಸುಳ್ಳಿನಿಂದ. ನಿಮಗಿದು ಮೊದಲಿನಿಂದಲೂ ಗೊತ್ತು. ಗೊತ್ತಿಲ್ಲದವರು ಉಳಿದವರೆಲ್ಲ.

ಎಂಬತ್ತರ ದಶಕದ ಆರಂಭ. ಹೊನ್ನಾಳಿ, ನ್ಯಾಮತಿ ನಡುವಿನ ಒಂದು ಹಳ್ಳಿಯ ದನದ ಆಸ್ಪತ್ರೆ. ನಾನು ಡಾಕ್ಟರ ಕೈಕೆಳಗಿನ ಸ್ಟಾಕ್‌ಮನ್; ನೀವು ದಿನಗೂಲಿಯ ಜವಾನ, ಇಂದಲ್ಲ ನಾಳೆ ಕಾಯಂ ಆಗುತ್ತೇನೆಂದು ಕಾದಿದ್ದವರು. ಹೊಸದಾಗಿ ಬಂದಿದ್ದ ಆ ಕ್ಯಾನಿನಲ್ಲಿ ದ್ರವ ಸಾರಜನಕ, ಅದರೊಳಗೆ ಹಸುಗಳ ಕೃತಕ ಗರ್ಭಧಾರಣೆಗೆಂದು ಜರ್ಸಿ ಹೋರಿಯ ವೀರ್ಯದ ಕಡ್ಡಿಗಳು. ಅದರ ಮುಚ್ಚಳವನ್ನು ಸಡಿಲವಾಗಿಯೇ ಮಾಡಿದ್ದರು; ಒಳಗಿನದು ದಿನವೂ ಇಷ್ಟಿಷ್ಟೇ ಆವಿಯಾಗಿ ಹೊರಬರುತ್ತಿತ್ತು. ಮರದ ಪಟ್ಟಿಯನ್ನು ಅದ್ದಿ ತೆಗೆದು ಗಾಳಿಯಲ್ಲಿ ಆಡಿಸಿದರೆ ಎಲ್ಲಿಯವರೆಗೆ ಬಿಳಿ ಹಿಮ ಕೂರುತ್ತದೋ ಅಲ್ಲಿಯವರೆಗೆ ದ್ರವ ಉಂಟು ಎಂದು ಲೆಕ್ಕ. ಆ ವಾರ ತುಂಬಿಸುವ ಗಾಡಿ ಬರಲೇ ಇಲ್ಲ. ಹಿಮ ನಾಲ್ಕು ಬೆರಳಿಗೆ ಇಳಿಯಿತು. ಕಡ್ಡಿಗಳು ಕೆಟ್ಟರೆ ನನ್ನ ತಲೆಗೇ ಬರುತ್ತದೆಂದು ಜೀವ ಬಾಯಿಗೆ ಬಂದಿತ್ತು.

ಡಾಕ್ಟರ ಮನೆಗೆ ಆಗಷ್ಟೇ ಅಡುಗೆ ಗ್ಯಾಸ್ ಬಂದಿತ್ತು. ಸಿಲಿಂಡರಿನಲ್ಲಿ ಒತ್ತಿಟ್ಟ ಗ್ಯಾಸು ದ್ರವವಾಗಿಯೇ ಇರುತ್ತದಲ್ಲ — ಇದನ್ನೂ ಬಿಗಿದರೆ ಇರುತ್ತದೆ ಎಂದುಕೊಂಡೆ. ಮುಚ್ಚಳ ಒತ್ತಿ, ಸೈಕಲ್ ಟ್ಯೂಬ್ ಸುತ್ತಿ, ಮೇಲೆ ತಂತಿ ಹಾಕಿದೆ.

"ಬ್ಯಾಡ್ರೀ ಸಾರ್, ಅದರ ಬಾಯಿ ಕಟ್ಟಬಾರ್ದು ಅಂತ ಗಾಡಿಯೋರು ಹೇಳ್ಯಾರೆ," ಎಂದಿರಿ ನೀವು.

"ಸೈನ್ಸ್ ಓದಿದೋನು ನಾನೋ ನೀನೋ?" ಎಂದೆ.

ಓದಿದ್ದೆ. ಇಷ್ಟು ವರ್ಷ ನನ್ನನ್ನು ತಿಂದದ್ದು ಅದೇ. ಚನ್ನಗಿರಿಯಲ್ಲಿ ಪಿಯುಸಿ ಓದುವಾಗ ಮೇಷ್ಟ್ರು ಬರೆಸಿದ್ದರು: ಪ್ರತಿ ಅನಿಲಕ್ಕೂ ಒಂದು ಗಡಿ ಉಷ್ಣತೆ ಉಂಟು, ಅದಕ್ಕಿಂತ ಬಿಸಿಯಾಗಿದ್ದರೆ ಎಷ್ಟು ಒತ್ತಿದರೂ ಅದು ದ್ರವವಾಗದು. ಅಡುಗೆ ಗ್ಯಾಸಿನ ಗಡಿ ನಮ್ಮ ಬೇಸಿಗೆಗಿಂತ ಬಹಳ ಮೇಲೆ. ಅದಕ್ಕೇ ಒತ್ತಡಕ್ಕೆ ಬಗ್ಗುತ್ತದೆ. ಸಾರಜನಕದ ಗಡಿ ಮಂಜುಗಡ್ಡೆಗಿಂತಲೂ ಎಷ್ಟೋ ಕೆಳಗೆ. ಅದನ್ನು ದ್ರವವಾಗಿ ಇಟ್ಟಿದ್ದು ಆ ಘೋರ ಚಳಿ, ಮುಚ್ಚಳವಲ್ಲ. ಬಾಯಿ ಕಟ್ಟಿದರೆ ಆವಿ ಒಳಗೇ ಕೂಡಿ, ಕೂಡಿ — ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು.

ಮರುದಿನ ಬೆಳಿಗ್ಗೆ ಕಸ ಗುಡಿಸಲು ನೀವು ಮೊದಲು ಹೋದಿರಿ. ಕ್ಯಾನು ಸುಯ್ಯನೆ ಸದ್ದು ಮಾಡುತ್ತಿತ್ತಂತೆ. ನನ್ನ ತಪ್ಪನ್ನು ಸರಿಮಾಡಲು ತಂತಿ ಬಿಚ್ಚಿದಿರಿ. ಮುಚ್ಚಳ ಹಾರಿ ಮುಖಕ್ಕೆ ಬಡಿಯಿತು.

ವಿಚಾರಣೆಗೆ ಬಂದ ಸಾಹೇಬರು, ಬಿಗಿದದ್ದು ಯಾರು ಎಂದು ನಿಮ್ಮನ್ನು ಕೇಳಿದರು. ನೀವು ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿದಿರಿ.

"ನಮ್ ಸಾರ್ ಹೇಳ್ತಾರ್ರೀ. ಅವರಿಗೆ ಗೊತ್ತೈತೆ."

ಎಷ್ಟು ನಂಬಿಕೆ ನನ್ನ ಮೇಲೆ!

"ನನಗೆ ಗೊತ್ತಿಲ್ಲ ಸಾರ್. ಬೀಗದ ಕೈ ಇವನ ಹತ್ರಾನೇ ಇತ್ತು," ಎಂದೆ.

ನೀವು ಅಲ್ಲೇ ನಿಜ ಅಂದಿದ್ದರೆ ಒಂದುವೇಳೆ — ಇಲ್ಲ, ಆ ಹೊರೆಯನ್ನೂ ನಿಮ್ಮ ಮೇಲೆ ಹಾಕಲಾರೆ. ಕೆಲಸದಿಂದ ತೆಗೆದರು. ಹೆಂಡತಿಯ ಊರು ಜಗಳೂರಿಗೆ ಹೋದಿರಿ. ನನಗೆ ಬಡ್ತಿ ಸಿಕ್ಕಿತು.

ಹೋದ ತಿಂಗಳು ಚನ್ನಗಿರಿಯ ಒಂದು ಮದುವೆಯಲ್ಲಿ ನಿಮ್ಮ ಮಗ ಪಕ್ಕದಲ್ಲಿ ಊಟಕ್ಕೆ ಕೂತಿದ್ದ; ನಾನು ಆ ಆಸ್ಪತ್ರೆಯಲ್ಲಿದ್ದವನೆಂದು ಮಾತಿನ ನಡುವೆ ಅವನಿಗೆ ತಿಳಿಯಿತು. "ನಮ್ಮಪ್ಪಗೆ ಓದಾಕೆ ಬರಲ್ಲ ನೋಡ್ರಿ. ತಿಳೀದೆ ಬಿಗಿದು ಕಣ್ಣು ಕಳಕೊಂಡ. ಕೇಳಿದ್ರೆ ಈಗ್ಲೂ ಸುಮ್ನೆ ಕುಂತಿರ್ತಾನೆ," ಎಂದು ನಕ್ಕ. ನಿಮ್ಮ ಸ್ವಂತ ಮನೆಯಲ್ಲೂ ನನ್ನ ಸುಳ್ಳೇ ನಿಜವಾಗಿ ಕೂತಿದೆ. ಆಗಲೂ ನಾನು ಹೂಂ ಎಂದೆ, ಹಾಲೇಶಣ್ಣ. ಆಗಲೂ!

ಕ್ಷಮೆ ಕೇಳುತ್ತಿಲ್ಲ, ಕೇಳುವ ಮುಖ ನನಗಿಲ್ಲ. ನಾಳೆ ಜಗಳೂರಿನ ಬಸ್ಸು ಹತ್ತುತ್ತೇನೆ. ನಿಮ್ಮ ಎದುರಿಗೇ ನಿಮ್ಮ ಮಗನನ್ನು ಕೂರಿಸಿಕೊಂಡು ಹೇಳಬೇಕು — ಬಿಗಿದವನು ನಾನು, ನಿಮ್ಮಪ್ಪ ಬೇಡ ಅಂದಿದ್ದರು.