ಕಾಟಪ್ಪನ ಕಾಲಿಗೆ ನಾಗಕ್ಕನ ಸುಣ್ಣದ ಗೆರೆ

ಎಪ್ಪತ್ತೆಂಟನೇ ಇಸವಿಯ ಸುಮಾರಿನ ಮಾತು. ಹುಲಿಕುಂಟೆ ಕಡೆಯ ಆ ಹಟ್ಟಿಯಲ್ಲಿ ನಾಗಕ್ಕನ ಬಾಯಿಗೆ ಹೆದರದವರೆಂದರೆ ಅವಳ ಕುರಿಗಳು ಮತ್ತು ಗಂಡ ಕಾಟಪ್ಪ ಮಾತ್ರ. ಕುರಿಗಳಿಗೆ ಬುದ್ಧಿಯಿಲ್ಲ ಎಂದು ಬಿಟ್ಟುಬಿಡಬಹುದು. ಕಾಟಪ್ಪನದು ಬರೀ ಮೊಂಡುತನವೆಂದೇ ಅವಳು ಬಹಳ ದಿನ ನಂಬಿದ್ದಳು.

ಅವನ ಬಲಗೈ ನಡುಗತೊಡಗಿದಾಗ ವಯಸ್ಸಾಯಿತು ಅಂದುಕೊಂಡರು. ಆಮೇಲೆ ಕಾಲು ಕೈಕೊಟ್ಟಿತು. ಚೆನ್ನಾಗಿ ನಡೆಯುತ್ತಿದ್ದವನು ಬೀದಿಯ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುವನು, ಪಾದ ನೆಲಕ್ಕೆ ಅಂಟಿಕೊಂಡವನ ಹಾಗೆ. ಶಿರಾದ ಡಾಕ್ಟರು ಪಾರ್ಕಿನ್ಸನ್ ಅನ್ನೋ ಕಾಯಿಲೆ ಎಂದು ಹೇಳಿ, ಮಾತ್ರೆ ಬರೆದುಕೊಟ್ಟು, "ತಲೆಯಿಂದ ಕಾಲಿಗೆ ಹೋಗೋ ಅಪ್ಪಣೆ ದಾರೀಲೇ ನಿಂತುಹೋಗುತ್ತಮ್ಮ. ಅವರನ್ನ ಬೈಬೇಡಿ" ಎಂದರು. ನಾಗಕ್ಕ ಬಸ್ಸಿನಲ್ಲಿ ಬೈಯಲಿಲ್ಲ. ಬಸ್ಸಿಳಿದ ಮೇಲೆ ಬೈದಳು. ಬೈಯದೆ ಇನ್ನೇನು ಮಾಡುತ್ತಾಳೆ? ಬಸ್ಸಿನ ಮೆಟ್ಟಿಲನ್ನು ಸರಸರ ಇಳಿದ ಮಹಾರಾಯ ಕೆಳಗಿನ ಸಪಾಟು ನೆಲದ ಮೇಲೆ ಕಂಬದ ಹಾಗೆ ನಿಂತಿದ್ದ!

"ಮೆಟ್ಲು ಇಳಿಯೋ ಕಾಲಿಗೆ ನೆಲ ತುಳಿಯಕ್ಕೇನ್ ರೋಗ? ನಮ್ ಕಾಟಣ್ಣ ನಾಟ್ಕದ ಕಂಪ್ನಿ ಸೇರ್ಬೇಕಿತ್ತು" ಎಂದು ದಾಯಾದಿ ತಮ್ಮ ಹುಚ್ಚಣ್ಣ ಹಟ್ಟಿಯೆಲ್ಲ ಸಾರಿಕೊಂಡು ಬಂದ.

ಕಾಟಪ್ಪನಿಗೆ ಬೆಳಗಾದರೆ ಬಸ್ ನಿಲ್ಲುವಲ್ಲಿನ ರುದ್ರಯ್ಯನ ಟೀ ಅಂಗಡಿಗೆ ಹೋಗಬೇಕು. ಟೀ ಒಂದು ನೆಪ. ಯಾವ ಕಡೆ ಹುಲ್ಲು ಚಿಗುರಿದೆ, ಯಾರ ಟಗರು ಯಾರದನ್ನು ಕೆಡವಿತು, ಇದೆಲ್ಲ ಅಲ್ಲಿ ಇತ್ಯರ್ಥವಾಗಬೇಕು. ಈಗ ನಾಗಕ್ಕ ಕೈಹಿಡಿದು ಕರೆದೊಯ್ಯತೊಡಗಿದಳು. "ಬಂತು ನೋಡ್ರಪ್ಪಾ, ಹಗ್ಗ ಹಾಕಿದ್ ಟಗರು" ಎಂದು ಅಂಗಡಿಯವರೆಲ್ಲ ನಕ್ಕರು. ಅವತ್ತೇ ಕೊನೆ. "ಹೆಂಡ್ತಿ ಕೈ ಹಿಡ್ಕಂಡು ಟೀ ಕುಡಿಯೋ ಬದ್ಲು ಕುಡೀದೇ ಇರ್ತೀನಿ" ಎಂದು ಕಾಟಪ್ಪ ಗೋಡೆಗೊರಗಿ ಕೂತ. ನಾಗಕ್ಕ ಬೈದರೆ ತಿರುಗಿ ಬೈಯುವುದನ್ನೂ ಬಿಟ್ಟ. ಇಷ್ಟು ವರ್ಷ ಒಂದು ದಿನವೂ ಜಗಳ ತಪ್ಪಿಸದ ಗಂಡ ಸುಮ್ಮನಾದದ್ದು ಕಂಡು ಅವಳಿಗೆ ನಿಜಕ್ಕೂ ಭಯವಾಯಿತು. ಮನುಷ್ಯ ಉಸಿರಿದ್ದೂ ಕೈಬಿಟ್ಟು ಹೋಗುತ್ತಿದ್ದಾನೆ ಅನ್ನಿಸಿತು.

ಒಂದು ಸಂಜೆ ಅವಳು ಕುರಿಗಳನ್ನು ರೊಪ್ಪಕ್ಕೆ ಕೂಡುತ್ತಿದ್ದಳು. ಬಾಗಿಲಿಗೆ ಅಡ್ಡಲಾಗಿ ಬಿದಿರ ಗಳ ಹಿಡಿದರೆ ಕುರಿಗಳು ನುಗ್ಗದೆ ಒಂದೊಂದಾಗಿ ನೆಗೆದು ಒಳಹೋಗುತ್ತವೆ. ಮಂದೆಯ ಹಿಂದೆ ಬಂದ ಕಾಟಪ್ಪ ಬಾಗಿಲಲ್ಲೇ ಅಂಟಿಕೊಂಡಿದ್ದ. ಕೊನೆಯ ಕುರಿ ನೆಗೆಯಿತು. ಅದರ ಹಿಂದೆಯೇ ಕಾಟಪ್ಪನೂ ಕಾಲೆತ್ತಿ ಗಳ ದಾಟಿ ಒಳಗೆ ಬಂದುಬಿಟ್ಟ!

"ಇನ್ನೊಂದ್ ಸಲ ದಾಟು" ಎಂದಳು ನಾಗಕ್ಕ.

"ನಾನೇನ್ ಕುರೀನಾ?"

"ಕುರಿಯಾಗಿದ್ರೆ ಇಷ್ಟ್ ಮಾತಾಡ್ತಿರ್ಲಿಲ್ಲ. ದಾಟು ಅಂದ್ರೆ!"

ದಾಟಿದ. ಮತ್ತೆ ದಾಟಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಕಾಟಪ್ಪನಿಗೆ ನೆಲ ಡೊಂಕಿಲ್ಲದ್ದೇ ತೊಂದರೆಯಾಗಿತ್ತು. ಅಡ್ಡ ಏನಾದರೂ ಕಂಡರೆ ಕಾಲು ತಾನಾಗಿ ಏಳುತ್ತಿತ್ತು.

ಮಾರನೆಯ ದಿನ ಹೊತ್ತು ಮೂಡುವ ಮೊದಲೇ ನಾಗಕ್ಕ ಗೋಡೆಗೆ ಬಳಿದು ಉಳಿದಿದ್ದ ಸುಣ್ಣ ಕಲಸಿಕೊಂಡು, ಮನೆ ಬಾಗಿಲಿಂದ ಟೀ ಅಂಗಡಿಯವರೆಗೆ ಹೆಜ್ಜೆಗೊಂದರಂತೆ ಬೀದಿಗೆ ಅಡ್ಡ ಗೆರೆ ಎಳೆದಳು. ಹಟ್ಟಿ ಎದ್ದು ನೋಡಿತು. ದಾರಿಯಲ್ಲಿ ಬಿದ್ದ ಒಂದು ನಿಂಬೆಹಣ್ಣು ದಾಟಿದರೇ ಜ್ವರ ಬರುವ ಕಾಲ, ಇಲ್ಲಿ ಬೀದಿಯುದ್ದಕ್ಕೂ ಬಿಳಿ ಗೆರೆ! ಇದು ಮಾಟವಲ್ಲದೆ ಮತ್ತೇನು? ಹೆಂಗಸರು ಬಿಂದಿಗೆ ಹೊತ್ತು ಜಾಲಿಮುಳ್ಳಿನ ಓಣಿ ಹಿಡಿದರು. ಮೇವಿಗೆ ಹೊರಟ ಕುರಿಗಳು ಒಂದೊಂದು ಗೆರೆಗೂ ಚಂಗನೆ ನೆಗೆದು ಹೋದದ್ದನ್ನು ಕಂಡು, ಅನುಮಾನವಿದ್ದವರಿಗೂ ಖಾತ್ರಿಯಾಯಿತು.

"ಅತ್ಗೇ, ಯಾರ್ ಮ್ಯಾಲೆ ಮಾಡ್ಸಿದ್ಯವ್ವಾ ಇದ್ನ?" ಎಂದು ಹುಚ್ಚಣ್ಣ ದೂರದಿಂದಲೇ ಕೂಗಿದ.

"ನನ್ ಗಂಡನ್ ಮ್ಯಾಲೆ ಕಣ್ಲಾ! ನಿಂಗ್ಯಾಕೆ ಉರಿ?"

ಗಿರಾಕಿ ತಪ್ಪೀತೆಂದು ಹೆದರಿದ ರುದ್ರಯ್ಯ ಮಾತ್ರ ತನ್ನ ಅಂಗಡಿಯ ಮುಂದಿನ ಗೆರೆಗಳಿಗೆ ನೀರು ಹೊಯ್ದು ತೊಳೆದುಬಿಟ್ಟ. ನಾಗಕ್ಕನಿಗೆ ಅದು ಗೊತ್ತಾಗಲಿಲ್ಲ.

"ನೀನು ಹಿಂದೆ ಬರ್ಬ್ಯಾಡ" ಎಂದು ಹೇಳಿ ಕಾಟಪ್ಪ ಹೊರಟ. ಒಂದು ಗೆರೆ, ಇನ್ನೊಂದು ಗೆರೆ. ನಾಗಕ್ಕ ಹುಲ್ಲಿನ ಬಣವೆಗಳ ಮರೆಯಲ್ಲೇ ಹಿಂಬಾಲಿಸಿದಳು. ಅಂಗಡಿ ಇನ್ನೇನು ಬಂತು ಅನ್ನುವಷ್ಟರಲ್ಲಿ ಗೆರೆ ಮುಗಿದು ಒದ್ದೆ ನೆಲ ಕಂಡಿತು. ಕಾಟಪ್ಪ ನಿಂತ. ಬೆಂಚಿನ ಮೇಲಿದ್ದವರೆಲ್ಲ ಟೀ ಲೋಟ ಕೆಳಗಿಟ್ಟು ನೋಡಿದರು. ಓಡಿಹೋಗಿ ಕೈ ಹಿಡಿಯಲು ನಾಗಕ್ಕನ ಜೀವ ಹಾತೊರೆಯಿತು. ಹಿಡಿದರೆ ಇವನು ಇನ್ನೆಂದೂ ಹೊಸಿಲು ದಾಟುವುದಿಲ್ಲ. ಸೆರಗು ಕಚ್ಚಿಕೊಂಡು ನಿಂತಳು.

ಬೆಂಚಿನ ಮೇಲಿದ್ದ ಹುಚ್ಚಣ್ಣ ನಗಬೇಕೆಂದು ಬಾಯಿ ತೆರೆದಿದ್ದ. ಅಣ್ಣನ ಮುಖ ನೋಡಿದ. ಹಣೆಯಿಂದ ಬೆವರು ಇಳಿಯುತ್ತಿತ್ತು, ಮಂಡಿ ಅದುರುತ್ತಿತ್ತು, ಪಾದ ಮಾತ್ರ ಮಿಸುಕುತ್ತಿರಲಿಲ್ಲ. ಇದು ನಾಟಕವಲ್ಲ ಎಂದು ಅವನಿಗೆ ಆಗ ತಿಳಿಯಿತು. ಆ ಗೆರೆಗಳು ಯಾತಕ್ಕೆಂಬುದೂ ತಿಳಿಯಿತು. ಎದ್ದು ಬಂದು ತನ್ನ ಕೋಲನ್ನು ಕಾಟಪ್ಪನ ಪಾದದ ಮುಂದೆ ಅಡ್ಡ ಮಲಗಿಸಿದ. ಕುರಿ ಕಾಯುವವನ ಕೋಲೆಂದರೆ ದೇವರಿದ್ದ ಹಾಗೆ, ಅದನ್ನು ಆ ಹಟ್ಟಿಯಲ್ಲಿ ಯಾರೂ ದಾಟುವುದಿಲ್ಲ. ಮಕ್ಕಳು ದಾಟಿದರೂ ಏಟು ಬೀಳುತ್ತದೆ.

"ನಿನ್ ಕೋಲ್ನೇನ್ಲಾ?" ಎಂದ ಕಾಟಪ್ಪ.

"ದಾಟಣ್ಣ" ಎಂದ ಹುಚ್ಚಣ್ಣ.

ಕಾಟಪ್ಪ ದಾಟಿದ. ಅಷ್ಟರಲ್ಲಿ ಮತ್ತೊಬ್ಬ ತನ್ನ ಕೋಲಿಟ್ಟ, ಅದರ ಮುಂದೆ ಇನ್ನೊಬ್ಬ. ಕೋಲಿಲ್ಲದ ರುದ್ರಯ್ಯ ಒಲೆಯ ಸೌದೆಯನ್ನೇ ತಂದು ಕೊನೆಯ ಹೆಜ್ಜೆಗೆ ಇಟ್ಟ.

ಕಾಟಪ್ಪ ಬೆಂಚಿನ ಮೇಲೆ ಕೂತ. ಅರ್ಧ ಟೀ ಪಂಚೆಗೆ ಚೆಲ್ಲಿದರೂ ಉಳಿದದ್ದನ್ನು ದೊರೆಯ ಹಾಗೆ ಕುಡಿದ. ಹುಚ್ಚಣ್ಣ ಕೋಲು ತೆಗೆದುಕೊಳ್ಳಲು ಬಗ್ಗಿದ.

"ಲೇ ಹುಚ್ಚ, ಎತ್ಬ್ಯಾಡ ಕಣ್ಲಾ" ಎಂದ ಕಾಟಪ್ಪ, ಬಣವೆಯ ಪಕ್ಕ ಇಣುಕುತ್ತಿದ್ದ ಸೆರಗಿನ ಕಡೆ ನೋಡುತ್ತ. "ವಾಪಸ್ ಹೋಗ್ಬೇಕು. ಬರ್ಬ್ಯಾಡ ಅಂದ್ರೂ ಬಂದವ್ಳೆ. ಮನೇಲಿ ಜಗ್ಳ ಐತೆ."