ಜುಟ್ಟಿನ ಬಾತುಮರಿ ಮತ್ತು ನನ್ನ ಗಂಟಲು

ಕೇಳಿರಿ ಗೆಳೆಯರೇ! ಇಂದು ಬೆಳಿಗ್ಗೆ ನಮ್ಮ ರಾಮತೀರ್ಥ ನಗರದ ಹಿತ್ತಿಲಿಗೆ ನುಗ್ಗಿದ ಬೆಕ್ಕಿಗೆ ನಾನು "ಎಲವೋ ದುರುಳಾ, ನಿಲ್ಲು!" ಎಂದು ಗರ್ಜಿಸಿದೆ. ಬೆಕ್ಕು ಓಡಿತು. ಗುಂಜಿ ಊರಿನಿಂದ ತಂದು ಸಾಕಿದ ಜುಟ್ಟಿನ ಬಾತುಮರಿ ಅಂಗಾತ ಬಿತ್ತು. ಕಾಲು ಮೇಲೆ, ಕುತ್ತಿಗೆ ಹಿಂದಕ್ಕೆ! ಅಪ್ಪನ ನಾಟಕಗಳ ನಡುವೆ ಬೆಳೆದವಳು ನಾನು. ಇಷ್ಟು ಚೆಂದ ಸಾಯುವ ನಟನನ್ನು ಕಂಡಿರಲಿಲ್ಲ. ಚಪ್ಪಾಳೆ ತಟ್ಟಿದೆ. ಮರಿ ಏಳಲಿಲ್ಲ. ಯಜಮಾನರನ್ನು ಕೂಗಿ ಕರೆದೆ.

ಯಜಮಾನರು ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡರು. ಕ್ಯಾಂಪ್ ಪ್ರದೇಶದ ಪಶುವೈದ್ಯೆಯ ಬಳಿಗೆ ಓಡಿದೆವು. ಆಕೆ ಮರಿಯನ್ನು ಮೆಲ್ಲಗೆ ಎತ್ತಿ ಮೇಜಿನ ಮೇಲೆ ನಿಲ್ಲಿಸಿ, ಜುಟ್ಟು ಸರಿಸಿ ನೋಡಿದರು.

"ಈ ಜಾತಿಯೊಳಗ ಕೆಲವಕ್ಕ ಜುಟ್ಟಿನ ಕೆಳಗ ಬುರುಡಿ ಪೂರಾ ಕೂಡಿರೂದಿಲ್ರಿ. ಗಾಬರಿ ಆದ್ರ ತೋಲ ತಪ್ಪಿ ಬೀಳ್ತಾವು. ಬಿದ್ರ ಲಗೂನ ಎತ್ತಿ ನಿಲ್ಲಸ್ರಿ, ತಲಿ ಒತ್ತಬ್ಯಾಡ್ರಿ. ಮುಖ್ಯ ಅಂದ್ರ, ಮನ್ಯಾಗ ಯಾರೂ ಒದರಬ್ಯಾಡ್ರಿ."

ಯಜಮಾನರ ಮುಖ ಪೆಟ್ರೋಮ್ಯಾಕ್ಸಿನಂತೆ ಬೆಳಗಿತು. "ಮದುವಿ ಆದಾಗಿಂದ ನಾನೂ ಇದನ್ನ ಹೇಳಾಕತ್ತೇನ್ರಿ! ಚೀಟಿ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ."

"ಏನಂದ್ರಿ?" ಎಂದೆ, ನನ್ನ ಸಹಜ ದನಿಯಲ್ಲಿ. ಮರಿ ಮತ್ತೆ ವಾಲಿತು. ವೈದ್ಯೆ ನನ್ನನ್ನು ನೋಡಿದರು. ಬಾಯಿ ಮುಚ್ಚಿಕೊಂಡೆ.

ಮರಿ ಈಗ ಓಡಾಡುತ್ತಿದೆ, ಮೇವು ತಿನ್ನುತ್ತಿದೆ. ಸಂಜೆ ಯಜಮಾನರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬಾಯಿ ಬಿಟ್ಟರು: "ನಾಳಿ ಖಾನಾಪುರದಿಂದ ನಮ್ಮ ಅಕ್ಕ ಬರಾಕತ್ತಾಳ, ಮಕ್ಕಳು ಮೊಮ್ಮಕ್ಕಳ ಸಮೇತ. ದೀಪಾವಳಿ ತನಕ ಇರ್ತಾಳಂತ."

"ಭಾಳ ಚಲೋ ಆತು," ಎಂದೆ. ಪಿಸುಮಾತಿನಲ್ಲಿ.