ಪಾಯಾ ಔಷಧ ಅಲ್ಲಂತ

ಹೇಳೂದು ಬಹಳ ಐತಿ, ಎಲ್ಲಿಂದ ಚಾಲೂ ಮಾಡ್ಲಿ? ಕಾಲಿನ ಹೆಬ್ಬಟ್ಟಿನಿಂದನ ಮಾಡ್ತೇನಿ.

ಸವಣೂರಾಗ ನಮ್ಮ ಮನಿ. ಹೋದ ವರ್ಷ ಬಲಗಾಲಿನ ಹೆಬ್ಬಟ್ಟು ಕೆಂಪಗ ಬಾತು, ಚಾದರ ತಾಗಿದ್ರೂ ಚೀರೂ ಹಂಗ ಆತು. ಶಿಗ್ಗಾಂವಿ ಡಾಕ್ಟರು ರಕ್ತ ತಪಾಸ ಮಾಡಿಸಿ, "ಇದಕ್ಕ ಗೌಟ್ ಅಂತಾರ. ರಕ್ತದಾಗ ಯೂರಿಕ್ ಆ್ಯಸಿಡ್ ಏರೈತಿ. ನೋವು ಇಲ್ಲಂದ್ರೂ ದಿನಾ ಗುಳಿಗಿ ನುಂಗ್ರಿ" ಅಂದ್ರು. ನೋವು ಹೋದ ಮ್ಯಾಲೆ ಗುಳಿಗಿ ಯಾಕ ಅಂತ ಬಿಟ್ಟೆ. ನೋವು ತಿರುಗಿ ಬಂತು.

ಅಷ್ಟರಾಗ ಮಗಳು ಬಸರಾದ್ಲು, ಚೊಚ್ಚಲು. ಏಳು ತಿಂಗಳಾದಾಗ ಹಿರೇಕೆರೂರಿನಿಂದ ತವರಿಗೆ ಕರ್ಕೊಂಡು ಬಂದ್ವಿ. ಆಕಿ ಅತ್ತಿ, ಅಂದ್ರ ನಮ್ಮ ಬೀಗತಿ, ಕಳಿಸಾಕ ಬಂದಿದ್ರು. ನಾ ಗ್ವಾಡಿ ಹಿಡ್ಕೊಂಡು ಚಹಾ ತಂದದ್ದು ನೋಡಿ, "ಬೀಗತೀ, ನಿಮ್ಮ ಕಾಲು ನಿಮ್ಮ ಮಾತು ಕೇಳವಲ್ದು. ಕೂಸಿಗೆ ನೀರು ಎರೆಯೂದು ಯಾರ ಕಾಲ ಮ್ಯಾಲೆ? ನಮ್ಮಲ್ಲೇ ಬಾಣಂತನ ಆಗ್ಲಿ ಬಿಡ್ರಿ" ಅಂದ್ರು. ನಕ್ಕೋತನ ಅಂದ್ರು, ಆದ್ರ ನನಗ ನಟ್ಟಿತು. ನೆಲಕ್ಕ ಕುಂತು, ಕಾಲು ಚಾಚಿ, ಮೊಮ್ಮಕ್ಕಳಿಗೆ ಎರೆಯೂದು ತವರಿನ ಅಜ್ಜಿ ಕೆಲಸ. ನಮ್ಮಮ್ಮ ನನ್ನ ಮಗಳಿಗೆ ಹಂಗ ಎರೆದಾಕಿ.

"ದಿನ ತುಂಬೂತನಕ ನೋಡ್ರಿ. ಕಾಲು ನೆಟ್ಟಗಾಗ್ಲಿಲ್ಲಂದ್ರ ಕರ್ಕೊಂಡು ಹೋಗ್ರಿ" ಅಂದೆ.

ಮಗಳು ಅವತ್ತ ನನ್ನ ಮೊಬೈಲಿಗೆ ಗೌಟಿಂದು ಒಂದು ಆ್ಯಪ್ ಹಾಕಿದ್ಲು. ನಾ ಮೂರನೇ ಇಯತ್ತೆ ಕಲ್ತಾಕಿ, ಅಕ್ಷರ ಕೂಡಿಸ್ಕೊಂಡು ಓದ್ತೇನಿ. ಗುಳಿಗಿ ಹೊತ್ತಿಗೆ ಅದು ಗಂಟಿ ಬಾರಿಸ್ತೈತಿ. ನೀರು ಕುಡೀರಿ ಅಂತೈತಿ. ನೋವು ಎಷ್ಟಂತ ಮಾರಿ ಚಿತ್ರ ತೋರಿಸ್ತೈತಿ, ಅಳೂ ಮಾರಿನೋ ನಗೂ ಮಾರಿನೋ ನಾವು ಒತ್ತಬೇಕು. ಏನು ಉಂಡ್ರಿ ಅಂತ ಬ್ಯಾರೆ ಕೇಳ್ತೈತಿ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗಿ ಅಂತ ನಾ ಹೇಳಾಕಿ, ಮಗಳು ಬರ್ಯಾಕಿ.

"ನನ್ನ ಅತ್ತಿನೂ ಇಷ್ಟು ವಿಚಾರಿಸಿರ್ಲಿಲ್ಲ ನೋಡ" ಅಂದೆ.

"ಅಮ್ಮೀ, ನಗಿಸಬ್ಯಾಡ, ಕೂಸು ಒದೀತೈತಿ" ಅಂದ್ಲು.

ಗುಳಿಗಿ ತಪ್ಪಲಿಲ್ಲ. ಆದ್ರೂ ಅಳೂ ಮಾರಿ ಬಿಡವಲ್ದು. ಮತ್ತ ಶಿಗ್ಗಾಂವಿಗೆ ಹೋದ್ವಿ. ಡಾಕ್ಟರು ಮೊಬೈಲ್ ಇಸ್ಕೊಂಡು ಸರಿಸಿ ಸರಿಸಿ ನೋಡಿ, "ಊಟ ಛಲೋ ಐತಿ" ಅಂದ್ರು. ಆಮ್ಯಾಲೆ ಹುಬ್ಬು ಏರಿಸಿದ್ರು. "ಬ್ಯಾರೆ ಔಷಧ ಅನ್ನೂ ಕಡೆ ಇದೇನ್ರಿ, ಪಾಯಾ?"

"ಪಾಯಾನ ರೀ. ಕುರಿಕಾಲಿನ ಸೂಪು. ಕಾಲು ನೋವಿಗೆ ಕುಡೀತೇನಿ."

"ಅದರಾಗ ಮತ್ತೇನು ಹಾಕ್ತೀರಿ?"

"ಒಂದೀಟು ಕಲೇಜಿ, ಕುರಿ ಲಿವರು. ತಾಕತ್ತು ಬರ್ಲಿ ಅಂತ."

ಡಾಕ್ಟರು ಖುರ್ಚಿಗೆ ಒರಗಿ ನಕ್ರು. "ಅಮ್ಮಾರ, ನಾ ಗುಳಿಗಿ ಕೊಟ್ಟು ಯೂರಿಕ್ ಆ್ಯಸಿಡ್ ಇಳಿಸಾಕತ್ತೇನಿ, ನೀವು ಬಟ್ಟಲ ಹಿಡಿದು ಏರಿಸಾಕತ್ತೀರಿ!"

ನಮ್ಮ ಓಣ್ಯಾಗ ಮುರಿದ ಕಾಲಿಗೂ ಪಾಯಾ, ಬಾಣಂತಿಗೂ ಪಾಯಾ. ಅದನ್ನ ಊಟ ಅಂತ ಯಾರ ಅಂದಾರ? ಔಷಧ ಅಂತನ ನಾ ಬರೆಸಿದ್ದೆ. ಬರೆಸಿದ್ದು ಒಳ್ಳೇದ ಆತು, ಇಲ್ಲಂದ್ರ ಡಾಕ್ಟರಿಗೆ ಹೆಂಗ ತಿಳೀತಿತ್ತು?

ಅವ್ರು ಗುಳಿಗಿ ಸ್ವಲ್ಪ ಹೆಚ್ಚು ಮಾಡಿದ್ರು, ನಾ ಪಾಯಾ ಬಿಟ್ಟೆ. ಬಾವು ಸಾವಕಾಶ ಇಳೀತು. ಗ್ವಾಡಿ ಬಿಟ್ಟು ನಡೆದೆ. ನೆಲಕ್ಕ ಕುಂತು ಎದ್ದೆ. ಮಗಳು ಅದನ್ನ ವಿಡಿಯೋ ಮಾಡಿ ಹಿರೇಕೆರೂರಿಗೆ ಕಳಿಸಿದ್ಲು. ಬೀಗತಿ ಕರ್ಕೊಂಡು ಹೋಗೂ ಮಾತು ಮತ್ತ ತಗೀಲಿಲ್ಲ.

ಮೊಮ್ಮಗಳು ಹುಟ್ಟಿದ್ಲು! ಗುಂಡಗುಂಡಗ, ತಲಿ ತುಂಬ ಕೂದಲು. ಬಚ್ಚಲದಾಗ ಕಾಲು ಚಾಚಿ, ಕೂಸಿನ್ನ ಮ್ಯಾಲೆ ಮಲಗಿಸ್ಕೊಂಡೆ. ಕೂಸು ನೋಡಾಕ ಬಂದಿದ್ದ ಬೀಗತಿ ಬಾಗಲಾಗ ನಿಂತು ನೋಡಾಕತ್ತಿದ್ರು.

"ನಿಂತು ಏನು ನೋಡ್ತೀರಿ? ತಂಬಿಗಿ ಹಿಡೀರಿ, ನೀರು ಹಾಕ್ರಿ" ಅಂದೆ.

ಹಾಕಿದ್ರು. ಕೂಸು ಓಣಿಗೆ ಕೇಳೂ ಹಂಗ ಒದರಿತು. ನಾವಿಬ್ರೂ ನಕ್ಕಿದ್ದ ನಕ್ಕಿದ್ದು.

"ನಾಳೆ ನನ್ನ ಕಾಲ ಮ್ಯಾಲೆ" ಅಂದ್ರು ಬೀಗತಿ.

"ನಾಳಿದ್ದು ನೋಡೂಣ್ರಿ" ಅಂದೆ.